ಪ್ರಧಾನಿಗೆ ಯಾರೂ ಓಟು ಹಾಕುವುದಿಲ್ಲ

ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ ನಾವು ಸಿಡ್ನಿಯ ಲಿವರ್‌ಪೂಲಿನಲ್ಲಿ ಒಬ್ಬ ವೆಲ್ಷ್ ಮುದುಕರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಅವರ ಹೆಂಡತಿ ತೀರಿಕೊಂಡಿದ್ದರು. ಮಗಳು, ಅಳಿಯ ಇದ್ದದ್ದು ಮೆಲ್ಬರ್ನಿನಲ್ಲಿ. ಅಡುಗೆಮನೆ ನಮಗೂ ಅವರಿಗೂ ಒಂದೇ. ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ ಅವರು ಪಕ್ಕದಲ್ಲಿ ನಿಂತು ಟೋಸ್ಟಿನ ಸುಟ್ಟ ಕಪ್ಪನ್ನು ಚಾಕುವಿನಿಂದ ಸಿಂಕಿಗೆ ಕೆರೆಯುತ್ತಿದ್ದರು. ಕೆರೆಯುತ್ತಲೇ ಬ್ರಿಟನ್ನಿನಲ್ಲಿ ತಾವು ಬಿಟ್ಟುಬಂದ ವೇಲ್ಸ್ ಸೀಮೆಯ ಚುನಾವಣೆಗಳ ಕಥೆ ಹೇಳುತ್ತಿದ್ದರು.

ಗುಡ್ಡ, ಕುರಿ, ಕಲ್ಲುಗಣಿಗಳಿದ್ದ ಒಂದು ಪಾರ್ಲಿಮೆಂಟ್ ಕ್ಷೇತ್ರ ಅದು. ಅವರ ಮುತ್ತಜ್ಜನ ಕಾಲದಲ್ಲಿ ಓಟನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತಂತೆ. ಜಮೀನ್ದಾರನ ವಿರುದ್ಧ ಹೇಳಿದ ಒಕ್ಕಲುಗಳ ಸಾಮಾನು ಬೀದಿಗೆ ಬಿತ್ತು, ಮುತ್ತಜ್ಜನದೂ ಬಿತ್ತು. ಆಮೇಲೆ ಗುಪ್ತ ಮತದಾನ ಬಂತು, ಜಮೀನ್ದಾರನ ಕಡೆಯವರು ಸೋತರು. ಜಮೀನ್ದಾರರ ಚರ್ಚು ಬಿಟ್ಟು ತಮ್ಮದೇ ಪ್ರಾರ್ಥನಾ ಮಂದಿರ ಕಟ್ಟಿಕೊಂಡ ಬಡವರು ಮೆಚ್ಚಿದ ಪಕ್ಷ ತಲೆಮಾರುಗಟ್ಟಲೆ ಗೆದ್ದಿತು, ಒಮ್ಮೊಮ್ಮೆ ಎದುರಾಳಿಯೇ ಇಲ್ಲದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರ್ಮಿಕರ ಪಕ್ಷ. ಆ ಕಡೆಗಿದ್ದ ರೈಲು ನಿಂತುಹೋದ ಮೇಲೆ, ವೆಲ್ಷ್ ಭಾಷೆಯ ಪರವಾಗಿ ಎದ್ದವರು. ಒಬ್ಬೊಬ್ಬ ಸದಸ್ಯನ ಹೆಸರು, ಅವನ ತಂದೆಯ ಕಸುಬು, ಎಣಿಕೆಯ ದಿನದ ಮಳೆಗಾಳಿ, ಎಲ್ಲ ಅವರಿಗೆ ಬಾಯಿಪಾಠ. ಹರೆಯದಲ್ಲಿ ಅವರೇ ಎಣಿಕೆಯ ಮೇಜಿನಲ್ಲಿ ಕೂತವರು.

"ಭಾನುವಾರ ಚರ್ಚಿನಿಂದ ಬಂದ್ನೋ, ಮಂದಿರದಿಂದ ಬಂದ್ನೋ ನೋಡಿದ್ರೆ ಸಾಕು, ಅವನ ಓಟು ಗೊತ್ತಾಗ್ತಿತ್ತು," ಎಂದರು ಒಂದು ದಿನ.

"ನಮ್ಮಲ್ಲಿ ಎರಡಕ್ಕೂ ಒಂದೇ ಪದ ಅಂಕಲ್. ಮತ ಅಂದ್ರೆ ಓಟು, ಮತ ಅಂದ್ರೆ ಧರ್ಮ."

"ಮಾಟ," ಎಂದು ಹೇಳಿ ನೋಡಿದರು.

"ಮಾಟ ಅಂದ್ರೆ ಮಂತ್ರವಾದಿ ಮಾಡೋದು!"

"ಅದೂ ನಡೀತಿತ್ತು, ಬಾಕ್," ಎಂದು ಕೆಮ್ಮು ಬರುವಷ್ಟು ನಕ್ಕರು. ಬಾಕ್ ಎಂದರೆ ಅವರ ಭಾಷೆಯಲ್ಲಿ ಮರಿ ಎಂದ ಹಾಗೆ.

ಕ್ರಿಸ್‌ಮಸ್ಸಿಗೆ ಮಗಳು, ಅಳಿಯ ಬರುತ್ತಿದ್ದರು. ಅಳಿಯನಿಗೆ ಒಂದು ಆಟವಿತ್ತು. ಹಿತ್ತಲಲ್ಲಿ ಸಾಸೇಜ್ ಸುಡುತ್ತಾ, ಬೇಕೆಂದೇ ಯಾವುದೋ ಚುನಾವಣೆಯಲ್ಲಿ ಸೋತವನನ್ನು ಗೆದ್ದವನೆಂದು ಹೇಳುವುದು; ಮಾವ ತಪ್ಪು ಹಿಡಿಯುವವರೆಗೂ ತಟ್ಟೆ ಕೊಡದಿರುವುದು. "ಹೇಳಿ ಡ್ಯಾಡ್, ಬೇಗ, ಸೀದು ಹೋಗುತ್ತೆ!" ಮುದುಕರು ಪ್ರತಿ ಸಲವೂ ಹಿಡಿಯುತ್ತಿದ್ದರು. ಮಗಳು ಬೇರೆಲ್ಲೋ ನೋಡುತ್ತಾ ನಗುತ್ತಿದ್ದಳು.

ಮನೆ ಮಾರಬೇಕೆಂಬ ಮಾತು ಎದ್ದದ್ದು ಆ ಮಗಳಿಂದಲೇ. ಮುದುಕರು ಒಪ್ಪಲಿಲ್ಲ, ಆ ಮನೆಯಲ್ಲೇ ಸಾಯುತ್ತೇನೆಂದರು. ಅವರ ಒಪ್ಪಿಗೆಯಿಲ್ಲದೆ ಮಾರಬೇಕಾದರೆ, ಅವರ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಡಾಕ್ಟರ್ ಹೇಳಬೇಕಿತ್ತು. ಒಬ್ಬ ಡಾಕ್ಟರನ್ನು ಆಕೆಯೇ ಗೊತ್ತುಮಾಡಿ ಮನೆಗೆ ಕರೆಸಿದಳು. ಒಲೆ ಆರಿಸುವುದನ್ನು ಮರೆಯುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ ಎಂದು ಮೊದಲೇ ಕಿವಿಗೆ ಹಾಕಿದ್ದಳು.

ನಾನು ಟೀ ತಂದಿಟ್ಟೆ. ಇವತ್ತು ಯಾವ ವಾರ ಎಂದು ಡಾಕ್ಟರ್ ಕೇಳಿದರೆ, "ಕಸದ ಬಿನ್ ಹೊರಗಿಡೋ ವಾರ, ಮಂಗಳವಾರ" ಎಂದರು. ಲೆಕ್ಕ ಕೇಳಿದರೆ ಪಟಪಟನೆ ಹೇಳಿದರು.

"ಹೋದ ಸಲ ಓಟು ಹಾಕಿ ಯಾರನ್ನ ಪ್ರಧಾನಿ ಮಾಡಿದ್ರಿ?" ಎಂದು ಡಾಕ್ಟರ್ ಕೇಳಿದರು.

"ಪ್ರಧಾನಿಗೆ ಯಾರೂ ಓಟು ಹಾಕಲ್ಲ. ಓಟು ಹಾಕೋದು ಕ್ಷೇತ್ರದ ಸದಸ್ಯನಿಗೆ."

"ಸರಿ. ಹೆಸರು?"

ಅವರು ವೇಲ್ಸ್‌ನ ತಮ್ಮ ಹಳೆಯ ಕ್ಷೇತ್ರದಿಂದ, ಜಮೀನ್ದಾರನಿಂದ ಶುರುಮಾಡಿದರು. ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ಡಾಕ್ಟರ್ ತಡೆದು ಪ್ರಧಾನಿಯ ಹೆಸರು ಕೇಳಿದರೂ ನಿಲ್ಲಿಸಲಿಲ್ಲ. "ನೋಡಿದ್ರಲ್ಲ," ಎಂದಳು ಮಗಳು.

ಬೆಳಿಗ್ಗೆ ರೇಡಿಯೋದಲ್ಲಿ ಪ್ರಧಾನಿಯ ದನಿ ಕೇಳಿದರೆ ಹೆಸರು ಹಿಡಿದು ಬೈಯುತ್ತಿದ್ದವರು ಇವರು. ನಾನು ಡಾಕ್ಟರಿಗೆ ಹಾಗೆಂದೆ. ಮಗಳು ನನ್ನ ಕೈಯಿಂದ ಟ್ರೇ ತೆಗೆದುಕೊಂಡು, "ಇದು ಮನೆಯವರ ವಿಷಯ" ಎಂದು ಬಾಗಿಲು ಮುಚ್ಚಿದಳು. ನಮ್ಮ ಯಜಮಾನರೂ ಬೈದರು: "ರೆಂಟ್‌ಗಿರೋರು ಕಣೇ ನಾವು. ನಿಂಗ್ಯಾಕೆ ಬೇಕಿತ್ತು?"

ಅವರನ್ನು ಮೆಲ್ಬರ್ನಿನ ವೃದ್ಧಾಶ್ರಮಕ್ಕೆ ಕರೆದೊಯ್ದರು. ಮನೆ ಮಾರಾಟವಾಯಿತು, ನಾವು ಸಿಡ್ನಿಯಲ್ಲೇ ಹ್ಯಾರಿಸ್ ಪಾರ್ಕಿನ ಒಂದು ಮನೆಗೆ ಹೋದೆವು. ಯಜಮಾನರಿಗೆ ಮೆಲ್ಬರ್ನಿಗೆ ವರ್ಗವಾಗಿ, ಅಲ್ಲಿನ ಕ್ರೇಗಿಬರ್ನಿನಲ್ಲಿ ಮನೆ ಮಾಡಿದ ಮೇಲೆ ಮುದುಕರನ್ನು ನೋಡಲು ಹೋದೆ. ಇಳಿದುಹೋಗಿದ್ದರು. ಕಾಲರಿನೊಳಗೆ ಕತ್ತು ಒಂದು ಕೋಲಿನಷ್ಟಿತ್ತು. ನನ್ನನ್ನು ಕಂಡದ್ದೇ ಪ್ರಧಾನಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದರು.

"ಸರೀನಾ, ಬಾಕ್? ಈ ಸಲ ಡಾಕ್ಟರ್ ಬಂದಾಗ ಸೀದಾ ಹೇಳಿಬಿಡ್ತೀನಿ. ಸರಿಯಾಗಿ ಹೇಳಿದ್ರೆ ಮನೆಗೆ ಕಳಿಸ್ತಾರಂತೆ. ಅಳಿಯ ಹೇಳಿಕೊಟ್ಟ."

ಅಷ್ಟರಲ್ಲಿ ಚುನಾವಣೆ ಮುಗಿದು ಸರ್ಕಾರ ಬದಲಾಗಿತ್ತು. ಅವರು ಹೇಳಿದ್ದು ಹಳೆಯ ಪ್ರಧಾನಿಯ ಹೆಸರು.

"ಅಂಕಲ್, ಅವರು ಸೋತ್ರು. ಸ್ವಂತ ಕ್ಷೇತ್ರದಲ್ಲೇ ಸೋತ್ರು."

"ಸ್ವಂತ ಕ್ಷೇತ್ರದಲ್ಲೇ?" ಅವರ ಕಣ್ಣು ಅಡುಗೆಮನೆಯಲ್ಲಿ ಹೊಳೆಯುತ್ತಿದ್ದ ಹಾಗೆ ಹೊಳೆಯಿತು. "ನಾನು ಹೇಳಲಿಲ್ವಾ!" ಹೊಸ ಹೆಸರನ್ನು ಹೇಳಿಸಿಕೊಂಡು ಹಲವು ಸಲ ಉರುಹೊಡೆದರು.

ಆಗಲೇ ಅಳಿಯ ಬಂದ, ಕೈಯಲ್ಲಿ ಬಾಳೆಹಣ್ಣು. ನನ್ನತ್ತ ಕಣ್ಣು ಮಿಟುಕಿಸಿ, "ಡ್ಯಾಡ್, ಪ್ರಧಾನಿ ಯಾರು?" ಎಂದ.

ಅವರು ಹೊಸ ಹೆಸರು ಹೇಳಿದರು.

"ತಪ್ಪು."

"ಸರಿಯಾಗಿದೆ, ಅಂಕಲ್," ಎಂದೆ.

ಅಳಿಯ ಹಣ್ಣು ಸುಲಿದು ತನ್ನ ಕೈಯಲ್ಲೇ ಇಟ್ಟುಕೊಂಡ. ಮುದುಕರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅವನತ್ತ ತಿರುಗಿ ಹಳೆಯ ಹೆಸರನ್ನೇ ಮೆಲ್ಲಗೆ ಹೇಳಿದರು.

"ಕರೆಕ್ಟ್!" ಎಂದು ಅವನು ಹಣ್ಣನ್ನು ಅವರ ಕೈಗಿಟ್ಟ.

"ತಪ್ಪು ಹೆಸರು ಹೇಳಿಕೊಟ್ಟು ಇವಳು ನನ್ನನ್ನ ಇಲ್ಲೇ ಕೊಳೆಸ್ತಿದ್ಳು," ಎಂದರು ಅವನಿಗೆ, ನನ್ನತ್ತ ಬೆರಳು ಮಾಡಿ. "ಇನ್ನು ಒಳಗೆ ಬಿಡಬೇಡ."