ಅತ್ತಿಗೆಯ ರಿಲೇ ಪೆಟ್ಟಿಗೆ

ಮೊನ್ನೆ ಚನ್ನಪಟ್ಟಣದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ನಮ್ಮ ಅತ್ತಿಗೆಯ ಸೆರಗಿಗೂ ಅದೇ ವಾಸನೆ ಇರುತ್ತಿತ್ತು...

ಬಿಡದಿ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಅಲ್ಲಿ ಕೆಲಸಕ್ಕಿದ್ದ ಅವರು ಅಣ್ಣನ ಕೈ ಹಿಡಿದು ಅಕ್ಕೂರಿನ ನಮ್ಮ ಮನೆಗೆ ಬಂದರು. ನಮ್ಮದು ರೇಷ್ಮೆ ಬೆಳೆ. ಚಳಿಗಾಲದಲ್ಲಿ ಹುಳುಮನೆ ಬೆಚ್ಚಗಿರಲೆಂದು ಇದ್ದಿಲ ಒಲೆ ಇಡುತ್ತಿದ್ದೆವು. ಅದರ ಹೊಗೆಗೆ ಅವ್ವನಿಗೆ ಕೆಮ್ಮು ಬಿಡುತ್ತಿರಲಿಲ್ಲ. ಅತ್ತಿಗೆ ಹೀಟರ್ ಇಟ್ಟು, ಅದನ್ನು ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಿಂದ ನಡೆಸುತ್ತೇನೆ ಎಂದರು.

"ಅಷ್ಟು ದೊಡ್ಡ ಹೀಟ್ರುಗೆ ಈ ಬಿಸ್ಕತ್ತು ಯಜಮಾನನಾ?" ಎಂದ ಅಪ್ಪ.

"ಅದು ಕಣ್ಸನ್ನೆ ಮಾಡ್ತದೆ ಅಷ್ಟೆ ಮಾವ. ದೊಡ್ಡ ಕರೆಂಟ್ ಮುಟ್ಟಾದು ರಿಲೇ ಅನ್ನೋ ಸ್ವಿಚ್ಚು."

ಅಪ್ಪ ಒಂದು ಬೆಳೆಗೆ ಮಾತ್ರ ಒಪ್ಪಿದ. ಹುಳು ಕೆಟ್ಟರೆ ಪೆಟ್ಟಿಗೆ ತಿಪ್ಪೆಗೆ ಎಂದೂ ಹೇಳಿದ.

ಬೋರ್ಡಿನ ಬಡ ಕರೆಂಟು ರಿಲೇಯನ್ನು ಎಳೆಯಲಾರದು, ನೇರ ಜೋಡಿಸಿದರೆ ಬೋರ್ಡೇ ಸುಡುತ್ತದೆ. ಅದಕ್ಕೆ ಅತ್ತಿಗೆ ನಡುವೆ, ಬಡ ಕರೆಂಟಿಗೆ ಬಲ ಕೊಡುವ ಟ್ರಾನ್ಸಿಸ್ಟರ್ ಕೂರಿಸಿದರು. ರಿಲೇ ಆರುವಾಗ ಹಿಂದಕ್ಕೆ ಒದೆಯುವ ಕರೆಂಟಿನ ಏಟನ್ನು ತಡೆಯಲು ಡಯೋಡ್ ಹಾಕಿದರು. ಎಲ್ಲ ಸರಿಯಾಗಿಯೇ ಇತ್ತು.

ಹುಳುಗಳು ಮೂರನೇ ಜ್ವರಕ್ಕೆ ಕೂತವು. ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ, ಆಗ ಮನೆಯಲ್ಲಿ ಮಾತೂ ಮೆಲ್ಲಗೆ. ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋದರೆ ಕಂಡೆನ್ಸರ್ ಹಾಕಿ ಪಂಪ್ ಓಡಿಸುವುದು ನಮ್ಮೂರ ರೂಢಿ. ಪಕ್ಕದ ತೋಟದವರು ಅಂದು ಹಾಗೆ ಮೋಟರ್ ಹಾಕಿದ ಕೂಡಲೇ ಲೈಟು ಮಂಕಾಯಿತು. ಬೋರ್ಡ್ ಆರಿ, ಎದ್ದು, ಮತ್ತೆ ಆರಿತು. ರಿಲೇ ಟಕಟಕ ಹೊಡೆದುಕೊಂಡಿತು.

"ನಡೀತೈತಲ್ಲ, ಸುಮ್ಕಿರು. ಅಪ್ಪ ನೋಡುದ್ರೆ ಆಡ್ಕತದೆ," ಎಂದು ಅಣ್ಣ ಪಿಸುಗುಟ್ಟಿದ.

"ಆಡ್ಕಳ್ಳಿ ಬುಡಿ. ಹಿಂಗೇ ಹೊಡ್ಕಂಡ್ರೆ ರಿಲೇ ಒಳಗಿನ ಪಾಯಿಂಟ್ ಅಂಟ್ಕತದೆ. ಆಮೇಲೆ ಹೀಟ್ರು ಆರಾಕಿಲ್ಲ, ಹುಳ ಬೆಂದೋಯ್ತವೆ."

ಅತ್ತಿಗೆ ಅಪ್ಪನನ್ನು ಕರೆದು, ಅವನ ಎದುರಿಗೇ ಪ್ಲಗ್ ಕಿತ್ತು, ಇದ್ದಿಲ ಒಲೆಯನ್ನು ತಾವೇ ಊದಿ ಹೊತ್ತಿಸಿದರು. ತಾನು ಮಾಡಿದ್ದನ್ನು ತಾನೇ ನಿಲ್ಲಿಸುವ ಧೈರ್ಯ ಎಷ್ಟು ಜನಕ್ಕಿದೆ? ನನಗೆ ಅವರ ಬಗ್ಗೆ ಹೆಮ್ಮೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಆಮೇಲೆ ರಿಲೇಗೆ ಬೇರೆ ಸಪ್ಲೈ ಕೊಟ್ಟರು. ಬೋರ್ಡ್ ಪೂರ್ತಿ ಏಳುವ ತನಕ ರಿಲೇ ಆರಿಯೇ ಇರುವಂತೆ ಚಿಕ್ಕದೊಂದು ರೆಸಿಸ್ಟರ್ ಸೇರಿಸಿದರು. ಅಕಸ್ಮಾತ್ ಪಾಯಿಂಟ್ ಅಂಟಿದರೂ ಕಾವು ಮಿತಿ ಮೀರದಿರಲೆಂದು ಹೀಟರಿನ ದಾರಿಯಲ್ಲೇ ಥರ್ಮೋಸ್ಟಾಟ್ ಇಟ್ಟರು. ಪರೀಕ್ಷೆ ಮಾಡಿದ್ದು ಅಪ್ಪ. ಪಕ್ಕದವರಿಂದ ಮೋಟರ್ ಹಾಕಿಸಿದ, ಪ್ಲಗ್ ಕಿತ್ತ, ಚುಚ್ಚಿದ, ಮತ್ತೆ ಕಿತ್ತ. ರಿಲೇ ಒಮ್ಮೆಯೂ ದುಡುಕಲಿಲ್ಲ.

"ನಿದ್ದೆಗಣ್ಣಲ್ಲಿ ಕೆಲ್ಸ ಮಾಡಾಕಿಲ್ವಲ್ಲವ್ವ ನಿನ್ ಬಿಸ್ಕತ್ತು!"

"ಮೊಕ ತೊಳ್ಕಂಡೇ ಬರಾದು ಮಾವ. ನಿಮ್ಮ ಮಗನಂಗಲ್ಲ."

ಜ್ವರದಿಂದ ಎದ್ದ ಹುಳುಗಳು ಚೆನ್ನಾಗಿ ಮೇದು ಗೂಡು ಕಟ್ಟಿದವು. ರಾಮನಗರದ ಮಾರುಕಟ್ಟೆಯಲ್ಲಿ ಅಪ್ಪ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ, "ನಮ್ ಸೊಸೆ ಕಾವು ಕೊಟ್ಟ ಗೂಡು ಕಣ್ಲಾ," ಎಂದು ಸಿಕ್ಕಿದವರಿಗೆಲ್ಲ ಹೇಳಿದ. ಅಲ್ಲಿಂದಾಚೆಗೆ ಸುತ್ತಲ ಊರುಗಳವರೂ ಪೆಟ್ಟಿಗೆ ಕೇಳಿಕೊಂಡು ಬಂದರು.

ಕಳೆದ ವಾರ ವಿರೂಪಾಕ್ಷಿಪುರದ ಹಿರಿಯರೊಬ್ಬರು ಮನೆಗೆ ಬಂದಿದ್ದರು. "ನಮ್ಮನೇದು ಇನ್ನೂ ನಡೀತಾ ಐತೆ. ಮಗಳ ಮನೆಗೊಂದು ಬೇಕಿತ್ತು. ಆಯಮ್ಮ ಮನೇಲವ್ರಾ?" ಎಂದು ಕೇಳಿದರು. ಅತ್ತಿಗೆ ತೀರಿಹೋಗಿ ವರ್ಷವಾಗುತ್ತ ಬಂತು ಎಂದೆ. ಅವರು ಟವಲ್ಲಿನಿಂದ ಮುಖ ಒರೆಸಿಕೊಂಡು ಹೊರಡಲು ಎದ್ದರು.

"ಒಸಿ ಕುಂತ್ಕಳಿ," ಎಂದೆ. ಅತ್ತಿಗೆಯ ಬಗ್ಗೆ ಅವರ ಬಾಯಲ್ಲಿ ಇನ್ನಷ್ಟು ಕೇಳಬೇಕೆನಿಸಿತ್ತು.