ಎರಡು ಪರದೆಗಳ ನಡುವೆ ರೇಷ್ಮಾ

ಈ ಹೋಟೆಲಿನ ಚಾ ಮುಗಿಯೋತನಕ ನನ್ನ ಕತೆ ಕೇಳ್ರಿ. ಟ್ಯಾಬನ್ನು ಲ್ಯಾಪ್‌ಟಾಪಿನ ಎರಡನೇ ಪರದೆ ಮಾಡುವ ವಿದ್ಯೆ ಕಂಡುಹಿಡಿದವನೇ ನಾನು. ಸುಳ್ಳು ಬಿಡ್ರಿ, ನನ್ನ ಒಡಹುಟ್ಟಿದ ಅಕ್ಕನ ಮಗಳು ಕಲಿಸಿದ್ದು.

ನಾನೇ ಫೋಟೋ ತೆಗೆದ ಮದುವೆಯ ಆಲ್ಬಮ್ ತೋರಿಸಲು ಯಂಕಂಚಿ ಊರಿಗೆ ಹೋಗಿದ್ದೆ. ಮದುಮಗಳ ತಾಯಿ ಕಾಸಿಂಬಿ ಅಕ್ಕನ ಮುಂದೆ ಎರಡನ್ನೂ ಜೋಡಿಸಿಟ್ಟು, ಮಗಳ ಫೋಟೋವನ್ನು ಲ್ಯಾಪ್‌ಟಾಪಿನ ಅಂಚು ದಾಟಿಸಿ ಟ್ಯಾಬಿಗೆ ಎಳೆದೆ.

"ನೋಡ್ರಿ ಅಕ್ಕಾರ, ರೇಷ್ಮಾ ಮುದ್ದೇಬಿಹಾಳಕ್ಕ ಗಂಡನ ಮನಿಗೆ ಹೋದ್ಲು" ಎಂದು ಚೇಷ್ಟೆ ಮಾಡಿದೆ.

ಅಕ್ಕ ನಗಲಿಲ್ಲ. "ಹಂಗಾರ ತವರಿಗೆ ಕರ್ಕೊಂಡು ಬಾ ತಮ್ಮಾ."

ಎಳೆದು ತಂದೆ. ಕಣ್ತುಂಬ ನೋಡಿ, "ಅತ್ತಿ ಬೈತಾಳ, ಕಳಸು" ಎಂದರು. ಕಳಿಸುತ್ತಿದ್ದೆ, ಫೋಟೋ ಅರ್ಧ ಇಲ್ಲಿ, ಅರ್ಧ ಅಲ್ಲಿ ಇದ್ದಾಗ ಸಾಕೆಂದು ಕೈ ಎತ್ತಿದರು.

"ಹಿಂಗ ಇರ್ಲಿ. ಫೋನಿನ್ಯಾಗ ಮಾತಾಡುವಾಗೂ ಆಕಿ ಹಿಂಗ ಇರ್ತಾಳ."

ನನ್ನ ಕಣ್ಣಲ್ಲಿ ನೀರು ಬಂದದ್ದು ಅವರು ಕೊಟ್ಟ ಚಾದ ಹಬೆಗೆ. ಈ ಹೋಟೆಲಿನ ಚಾಕ್ಕೂ ಹಬೆ ಜಾಸ್ತಿ ಐತಿ, ರೊಕ್ಕ ನೀವೇ ಕೊಟ್ಟುಬಿಡ್ರಿ.