ಎಡಗಾಲಿನ ಲೇಸು ಬಿಚ್ಚದವರು

ಒದ್ದೆ ಉಣ್ಣೆ ಬಿಸಿಯಾಗುವಾಗ ಏಳುವ ವಾಸನೆ ಗ್ಲೆಬ್ ಚುಪ್ರಾಕೋವ್ ಅವರಿಗೆ ಇಂದಿಗೂ ಮನೆಯ ವಾಸನೆ. ಲಿತೇಯ್ಸ್ಕ್ ಪಟ್ಟಣದ ಉಕ್ಕಿನ ಕಾರ್ಖಾನೆಯ ಹಿಂದೆ ಐದು ಮಹಡಿಯ ಕಟ್ಟಡ. ಅಲ್ಲಿ ಕಿಟಕಿಯ ಕೆಳಗಿನ ಬಿಸಿನೀರಿನ ಕೊಳವೆಗಳ ಮೇಲೆ ಅವರ ಪುಟ್ಟ ಕೈಗವಸುಗಳು ಚಳಿಗಾಲವಿಡೀ ಒಣಗುತ್ತಿದ್ದವು. ಅಜ್ಜಿ ತಾಸ್ಯಾ ಅವನ್ನು ರೊಟ್ಟಿ ಮಗುಚಿದಂತೆ ಆಗಾಗ ಮಗುಚಿ ಹಾಕುತ್ತಿದ್ದರು. ಬೆಳಿಗ್ಗೆ ಕೈ ತೂರಿಸಿದರೆ ಒಳಗೆ ತೇವದ ಸುಳಿವೂ ಇರುತ್ತಿರಲಿಲ್ಲ. ಅಜ್ಜಿ ಎಂದೂ ಇದನ್ನು ಹೇಳಿಕೊಂಡವರಲ್ಲ. ಕೈಗವಸು ತಾನಾಗಿಯೇ ಒಣಗುತ್ತದೆ ಎಂದು ಗ್ಲೆಬ್ ಬಹಳ ವರ್ಷ ನಂಬಿದ್ದರಂತೆ.

ಸೋಮವಾರ, ಬೆಳಗಿನ ಜಾವ ಐದೂಮುಕ್ಕಾಲು. ಅದೇ ಕಟ್ಟಡದ ಅಂಗಳ. ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ನೆಲಮಾಳಿಗೆಯ ನಲ್ಲಿಯಿಂದ ಎಳೆದು ತಂದ ರಬ್ಬರ್ ಪೈಪು ಹಿಡಿದು ಗ್ಲೆಬ್ ಹಲಗೆ ಬೇಲಿಯ ಆಟದ ಕಣಕ್ಕೆ ನೀರು ಹಾಯಿಸುತ್ತಿದ್ದಾರೆ. ಮೊದಲು ತೆಳುವಾಗಿ ಒಂದು ಪದರ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಅವಸರಪಟ್ಟು ಒಮ್ಮೆಲೇ ಸುರಿದರೆ ಮಂಜುಗಡ್ಡೆ ಒಳಗೆ ಪೊಳ್ಳಾಗುತ್ತದೆ, ಶಾಲೆ ಬಿಟ್ಟು ಬರುವ ಮಕ್ಕಳ ಸ್ಕೇಟಿನ ಕೆಳಗೆ ಒಡೆಯುತ್ತದೆ. ಹತ್ತೊಂಬತ್ತು ಚಳಿಗಾಲಗಳಿಂದ, ಊರಲ್ಲಿದ್ದ ದಿನಗಳಲ್ಲೆಲ್ಲ, ಅಭ್ಯಾಸಕ್ಕೆ ಹೋಗುವ ಮುನ್ನ ನಲವತ್ತು ನಿಮಿಷ ಈ ಕೆಲಸ. ಇಂದು ಮಾತ್ರ ಅವರ ಎಡಗಾಲಿಗೆ ಬೂಟು ಹಿಡಿಸಿಲ್ಲ. ತೀರಿಹೋದ ಅಪ್ಪನ ಅಗಲವಾದ ಕಂಬಳಿ ಬೂಟನ್ನು ಆ ಕಾಲಿಗೆ ಏರಿಸಿದ್ದಾರೆ. ಬಲಗಾಲಿಗೆ ತಮ್ಮದೇ.

ಮೂವತ್ತೆಂಟು ವರ್ಷದ ಗ್ಲೆಬ್ ಊರಿನ ಐಸ್ ಹಾಕಿ ತಂಡ ‘ಗೋರ್ನ್’ನ ರಕ್ಷಣೆಯ ಆಟಗಾರ. ಎದುರಾಳಿ ಹೊಡೆದ ರಬ್ಬರ್ ಬಿಲ್ಲೆ ತಮ್ಮ ಗೋಲಿಗೆ ಹೋಗದಂತೆ ಅಡ್ಡ ನಿಲ್ಲುವುದು ಅವರ ಜೀವನೋಪಾಯ. ಕೋಲು ಸಿಕ್ಕರೆ ಕೋಲಿನಿಂದ, ಇಲ್ಲದಿದ್ದರೆ ಮೈಯಿಂದ. ಎರಡನೇ ದರ್ಜೆಯ ಲೀಗಿನಲ್ಲಿ ಒಂಬೈನೂರಕ್ಕೂ ಹೆಚ್ಚು ಪಂದ್ಯ ಆಡಿದ್ದಾರೆ. ಹೊಡೆದ ಗೋಲು ನಲವತ್ತನಾಲ್ಕು. ಕಳೆದುಕೊಂಡ ಹಲ್ಲು ಐದು, ಮೂಗು ಮುರಿದದ್ದು ಮೂರು ಸಲ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮಾಸ್ಕೋದ ದೊಡ್ಡ ತಂಡವೊಂದು ಕರೆಸಿಕೊಂಡಿತ್ತು. ಹನ್ನೊಂದು ಪಂದ್ಯಗಳ ನಂತರ ವಾಪಸು ಕಳಿಸಿತು.

“ಅಲ್ಲಿ ಬೇಜಾರೇನೂ ಆಗ್ಲಿಲ್ಲ” ಎನ್ನುತ್ತಾರೆ ಗ್ಲೆಬ್, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಮೂಲೆಗೆ ಚಿಮ್ಮಿಸುತ್ತ. “ಅವರಿಗೆ ಓಡೋರು ಬೇಕಿತ್ತು. ನಾನು ನಿಲ್ಲೋನು. ನಿಲ್ಲೋರು ಇಲ್ಲಿಗೂ ಬೇಕಲ್ವಾ?”

ಇಂದು ಎಂಟು ಗಂಟೆಗೆ ತಂಡದ ಬಸ್ಸು ಹದಿನಾರು ದಿನಗಳ ಪ್ರವಾಸಕ್ಕೆ ಹೊರಡಲಿದೆ. ಅದರಲ್ಲಿ ತಮಗೆ ಜಾಗವಿದೆಯೋ ಇಲ್ಲವೋ ಗ್ಲೆಬ್‌ಗೆ ಗೊತ್ತಿಲ್ಲ. ಈ ಪ್ರವಾಸಕ್ಕೆ ಹೋದವರೇ ಋತುವಿನ ಕೊನೆಯ ಪಂದ್ಯಗಳನ್ನೂ ಆಡುತ್ತಾರೆ. ಬಸ್ಸು ತಪ್ಪಿದರೆ ಈ ವಯಸ್ಸಿನಲ್ಲಿ ಆಟವೇ ಮುಗಿದ ಹಾಗೆ. ಹೋದ ವಾರ ತರಬೇತುದಾರ ಅರ್ಕಾದಿ ಲ್ವೋವಿಚ್ ಎಲ್ಲರೆದುರು ಹೇಳಿದ್ದರು, “ರಕ್ಷಣೆಗೆ ಏಳು ಜನ ಇದೀರಿ. ಬಸ್ಸಿಗೆ ಆರೇ ಜನ. ಶನಿವಾರದ ಪಂದ್ಯ ನೋಡಿ ತೀರ್ಮಾನ ಮಾಡ್ತೀನಿ.”

ಶನಿವಾರ ಎರಡನೇ ಅವಧಿ ಮುಗಿಯಲು ನಾಲ್ಕು ನಿಮಿಷವಿದ್ದಾಗ, ಎದುರಾಳಿ ಬೀಸಿ ಹೊಡೆದ ಬಿಲ್ಲೆಗೆ ಗ್ಲೆಬ್ ಎಡಪಾದ ಅಡ್ಡ ಕೊಟ್ಟರು. ಒಳಗೆ ಏನೋ ಚಟ್ ಎಂದದ್ದು ಅವರಿಗೆ ಮಾತ್ರ ಕೇಳಿಸಿತು. ಕುಂಟದೆ ಬೆಂಚಿಗೆ ಬಂದರು.

ವಿರಾಮದಲ್ಲಿ ಆಟಗಾರರೆಲ್ಲ ಸ್ಕೇಟಿನ ಲೇಸು ಸಡಿಲಿಸಿ ಕಾಲು ಚಾಚುತ್ತಾರೆ. ಪೆಟ್ಟು ಬಿದ್ದ ಕಾಲನ್ನು ಮಾತ್ರ ಸಡಿಲಿಸಬಾರದು. ಬಿಗಿ ತಪ್ಪಿದ ಕೂಡಲೇ ಪಾದ ಊದಿಕೊಳ್ಳುತ್ತದೆ, ಮತ್ತೆ ಸ್ಕೇಟಿನೊಳಗೆ ಹೋಗುವುದಿಲ್ಲ. ಗ್ಲೆಬ್ ಬಲಗಾಲಿನದನ್ನು ಬಿಚ್ಚಿದರು. ಎಡಗಾಲಿನದನ್ನು ಮುಟ್ಟಲಿಲ್ಲ.

ಇದನ್ನು ನೋಡಿದ್ದು ಒಬ್ಬರೇ, ಕ್ಯಾಂಟೀನಿನ ರಾಯಾ ಅತ್ತೆ, ಅಂದರೆ ರಾಯೀಸಾ ಝಖಾರೊವ್ನಾ. ಮೊದಲು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು, ಈಗ ಅರವತ್ತಾರು ವರ್ಷ. ಪ್ರತಿ ವಿರಾಮದಲ್ಲೂ ನಿಂಬೆಹೋಳು ಹಾಕಿದ ಸಿಹಿ ಚಹಾ ತರುತ್ತಾರೆ. ಅವರ ಕ್ಯಾಂಟೀನಿನಲ್ಲಿ ಒಂದು ಪದ್ಧತಿಯಿದೆ. ಗೋಲು ಹೊಡೆದವನಿಗೆ ಎಲ್ಲರಂತೆ ಒಂದೇ ಕಟ್ಲೆಟ್. ಬಿಲ್ಲೆಗೆ ಮೈ ಕೊಟ್ಟವನಿಗೆ ಎರಡು. “ಗೋಲು ಹೊಡ್ದೋನ ಫೋಟೊ ಪೇಪರಲ್ಲಿ ಬರುತ್ತೆ. ಇವನಿಗೆ ನಾನಲ್ದೆ ಇನ್ಯಾರು ಕೊಡ್ತಾರೆ?” ಎಂಬುದು ಅವರ ವಾದ.

ಶನಿವಾರವೂ ರಾಯಾ ಅತ್ತೆ ಚಹಾದ ತಟ್ಟೆ ಹಿಡಿದು ಬಂದರು. ಒಂದು ಮೋಟು ಸ್ಟೂಲನ್ನು ಕಾಲಿನಿಂದಲೇ ತಳ್ಳಿ ಗ್ಲೆಬ್‌ನ ಎಡಪಾದದ ಕೆಳಗೆ ಸರಿಸಿದರು. ಅಷ್ಟರಲ್ಲಿ ತರಬೇತುದಾರರು ಒಳಗೆ ಬಂದರು. ಅತ್ತೆ ತಟ್ಟೆ ಹಿಡಿದುಕೊಂಡು ಇಬ್ಬರ ನಡುವೆ ನಿಂತುಬಿಟ್ಟರು. ಅವರದು ಕದವಿಲ್ಲದ ಬಾಗಿಲನ್ನೇ ಮುಚ್ಚಬಲ್ಲ ಮೈಕಟ್ಟು. ಅರ್ಕಾದಿ ಲ್ವೋವಿಚ್ ಮಾತು ಮುಗಿಸಿ ಹೋಗುವವರೆಗೂ ಅಲ್ಲಾಡಲಿಲ್ಲ.

ಮೂರನೇ ಅವಧಿಯಲ್ಲಿ ಗ್ಲೆಬ್ ಎಂಟು ನಿಮಿಷ ಆಡಿದರು. ಎರಡು–ಒಂದರ ಮುನ್ನಡೆ, ಕೊನೆಯ ನಿಮಿಷ. ಎದುರಾಳಿ ಕೋಲು ಎತ್ತಿದ್ದನ್ನು ಕಂಡು ಮಂಜುಗಡ್ಡೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಬಿಲ್ಲೆ ಪಕ್ಕೆಗೆ ಬಡಿದು ಆಚೆ ಹೋಯಿತು. ‘ಗೋರ್ನ್’ ಗೆದ್ದಿತು. ಎಡಗಾಲಿನ ಲೇಸನ್ನು ಕತ್ತರಿಯಿಂದ ಕತ್ತರಿಸಿ ಸ್ಕೇಟು ಕಳಚಬೇಕಾಯಿತು.

“ಇಷ್ಟು ಕಾಲ ಒಂದೇ ಒಂದ್ಸಲಾನೂ ಲೇಸು ಕತ್ತರಿಸಿರ್ಲಿಲ್ಲ” ಎನ್ನುತ್ತ ಗ್ಲೆಬ್ ಪೈಪು ಸುತ್ತುತ್ತಾರೆ. ನೋವಿಗಿಂತ ಅದೇ ಅವರನ್ನು ಕಾಡಿದಂತಿದೆ. “ನಂಗೆ ಬೇರೇನೂ ಬೇಡ. ಕೊನೇ ಪಂದ್ಯ ಆಡಿ, ಕೂತ್ಕೊಂಡು, ನನ್ನ ಲೇಸು ನಾನೇ ಬಿಚ್ಚಬೇಕು. ಅಷ್ಟು ಸಿಕ್ರೆ ಸಾಕು.”

ಭಾನುವಾರ ಎಕ್ಸ್‌ರೇಯಲ್ಲಿ ಸಣ್ಣ ಮೂಳೆಯೊಂದರಲ್ಲಿ ಕೂದಲೆಳೆಯ ಬಿರುಕು ಕಂಡಿತು. ಹತ್ತು ದಿನ ಸ್ಕೇಟು ಕಟ್ಟುವಂತಿಲ್ಲ ಎಂದರು ವೈದ್ಯರು. ಪ್ರವಾಸದ ಆರು ಪಂದ್ಯಗಳಲ್ಲಿ ಕೊನೆಯ ಎರಡನ್ನು ಆಡಬಹುದು, ಅದೂ ಬಹುಶಃ. ಅರ್ಕಾದಿ ಲ್ವೋವಿಚ್ ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಹ್ಞೂ” ಎಂದು ಹೊರಟುಹೋದರು.

ಈ ತಂಡದಲ್ಲಿ ಹೆಸರಿನ ಪಟ್ಟಿಗಾಗಿ ಯಾರೂ ಗೋಡೆ ನೋಡುವುದಿಲ್ಲ. ದಾರಿಯ ಊಟ ಕಟ್ಟಬೇಕಾದ್ದರಿಂದ ತರಬೇತುದಾರರು ಹಿಂದಿನ ಸಂಜೆಯೇ ರಾಯಾ ಅತ್ತೆಗೆ ಹೆಸರು ಕೊಟ್ಟಿರುತ್ತಾರೆ. ಅತ್ತೆ ಪ್ರತಿ ಡಬ್ಬಿಯ ಮುಚ್ಚಳಕ್ಕೂ ಪಟ್ಟಿ ಅಂಟಿಸಿ ಮನೆಹೆಸರು ಬರೆಯುತ್ತಾರೆ. ಬೆಳಿಗ್ಗೆ ಕ್ಯಾಂಟೀನಿನ ಕಟ್ಟೆಯ ಮೇಲೆ ಡಬ್ಬಿ ಇದ್ದವನು ಬಸ್ಸಿಗೆ, ಇಲ್ಲದವನು ಮನೆಗೆ.

ಏಳೂವರೆಗೆ ಗ್ಲೆಬ್ ಕ್ಯಾಂಟೀನಿಗೆ ಬರುತ್ತಾರೆ. ಕೈಯಲ್ಲಿ ಊರುಗೋಲು ಬಿಟ್ಟರೆ ಬೇರೇನೂ ಇಲ್ಲ. ಬಟ್ಟೆ ತುಂಬಿದ ಚೀಲವನ್ನು ಮನೆಯ ಬಾಗಿಲ ಬಳಿಯೇ ಇಟ್ಟು ಬಂದಿದ್ದಾರೆ. ಹೊತ್ತು ತಂದು, ಮತ್ತೆ ಹೊತ್ತುಕೊಂಡು ಹೋಗುವುದು ಚೆನ್ನಾಗಿರುವುದಿಲ್ಲ ಎಂಬ ಲೆಕ್ಕ. ಹುಡುಗರು ಒಬ್ಬೊಬ್ಬರಾಗಿ ಡಬ್ಬಿ ಎತ್ತಿಕೊಂಡು ಹೊರಡುತ್ತಿದ್ದಾರೆ. ಗ್ಲೆಬ್ ಕಟ್ಟೆಯ ಕಡೆ ನೋಡುವುದಿಲ್ಲ.

ಗೋಲ್‌ಕೀಪರ್ ಇಲ್ದಾರ್ ಗರಾಯೆವ್ ಬಾಗಿಲಲ್ಲೇ ಸಿಗುತ್ತಾರೆ. ಒಂಬತ್ತು ವರ್ಷಗಳಿಂದ ಗ್ಲೆಬ್‌ನ ಬೆನ್ನ ಹಿಂದೆ ನಿಂತವರು.

“ಏನಜ್ಜ, ಅಪ್ಪನ ಬೂಟಲ್ಲಿ ಬಂದ್ಯಾ? ಮದುವೆ ಗಂಡಿನ ಹಾಗೆ ಕಾಣ್ತಿದೀಯ.”

“ನಿನ್ನ ಬೀಳ್ಕೊಡೋಕೆ ಬಂದೆ. ದಾರೀಲಿ ಗೋಲು ಬಿಡ್ಬೇಡ. ಅಡ್ಡ ಬರೋಕೆ ನಾನಿರಲ್ಲ.”

“ಗೋಲು ಆಮೇಲೆ. ಬಸ್ಸಲ್ಲಿ ಯಾರದೋ ಆಟದ ಬ್ಯಾಗು ನಾರ್ತಿದೆ ಮಾರಾಯ. ಒದ್ದೆ ಉಣ್ಣೆ ವಾಸನೆ. ನಾನೇ ಹೊತ್ತು ಹಾಕಿದೆ, ಸೊಂಟ ಹಿಡ್ಕೊಂಡ್ಬಿಟ್ಟಿದೆ.”

ಗ್ಲೆಬ್‌ಗೆ ತಕ್ಷಣ ತಿಳಿಯುವುದಿಲ್ಲ. ಅವರ ಆಟದ ಬ್ಯಾಗು ಶನಿವಾರದಿಂದ ಕ್ರೀಡಾಂಗಣದಲ್ಲೇ ಉಳಿದಿತ್ತು. ಆಮೇಲೆ ಮೆಲ್ಲಗೆ ಕಟ್ಟೆಯ ಕಡೆ ತಿರುಗುತ್ತಾರೆ. ಒಂದೇ ಒಂದು ಡಬ್ಬಿ ಉಳಿದಿದೆ. ಮುಚ್ಚಳದ ಮೇಲೆ ‘ಚುಪ್ರಾಕೋವ್’ ಎಂದು ಬರೆದಿದೆ.

“ಏಳನೇ ಹೆಸರೂ ಬರ್ಕೊಳಿ ಅಂದ್ರು ನಿನ್ನೆ ಅರ್ಕಾದಿ ಲ್ವೋವಿಚ್” ಎನ್ನುತ್ತಾರೆ ರಾಯಾ ಅತ್ತೆ, ಒದ್ದೆ ಬಟ್ಟೆಯಿಂದ ಕಟ್ಟೆ ಒರೆಸುತ್ತಲೇ. “ಹೋಗ್ತಾ ಬಾಗಿಲಲ್ಲಿ ನಿಂತು, ‘ರಾಯೀಸಾ ಝಖಾರೊವ್ನಾ, ಶನಿವಾರ ನೀವು ಅಡ್ಡ ನಿಂತಿದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡ್ರಾ? ಕಾಲಿಲ್ದೆ ಆಡ್ದೋನನ್ನ ಬಿಟ್ಟು ಹೋದ್ರೆ ಉಳಿದೋರು ನನ್ನ ಮಾತು ಯಾಕೆ ಕೇಳ್ತಾರೆ?’ ಅಂದ್ರು. ಅಷ್ಟಂದು ಚಹಾನೂ ಕುಡೀದೆ ಹೋದ್ರು.”

ಗ್ಲೆಬ್ ಊರುಗೋಲನ್ನು ಕಟ್ಟೆಗೆ ಒರಗಿಸುತ್ತಾರೆ. “ಬಟ್ಟೆ ಚೀಲ ಮನೇಲಿದೆ” ಎನ್ನುತ್ತಾರೆ.

“ಬಸ್ಸು ನಿಮ್ಮ ಅಂಗಳದ ಮುಂದೇನೇ ಹೋಗೋದು, ಗ್ಲೆಬುಷ್ಕಾ.”

ರಾಯಾ ಅತ್ತೆ ಒರೆಸುವ ಬಟ್ಟೆ ಪಕ್ಕಕ್ಕಿಡುತ್ತಾರೆ. ಕೈಯನ್ನು ಏಪ್ರನ್ನಿಗೆ ಒತ್ತಿಕೊಂಡು, ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಕೊಡುತ್ತಾರೆ. ಇನ್ನೂ ಬಿಸಿಯಿದೆ. ಗ್ಲೆಬ್ ಮುಚ್ಚಳ ತೆರೆಯುವುದಿಲ್ಲ. ಕೈಗೆ ಬಂದ ಭಾರದಲ್ಲೇ ಗೊತ್ತಾಗುತ್ತದೆ, ಒಳಗೆ ಎರಡು ಕಟ್ಲೆಟ್ ಇವೆ.